ಆಂಜಿಯ ಇಂಜಿನ್

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು. ಬರೆಯಬಾರದು ಎಂದೇನೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತೇನೆ: ಮಾರಣ್ಣ. ಪೆದ್ದಹರಿವಾಣಂನ ಕುರಿ ಸಾಕುವ ಮನೆಯವರು. ಹೊಲದ ಪಂಪಿನ ಡೀಸೆಲ್ ಇಂಜಿನ್ ಬಿಚ್ಚುತ್ತಾ ಕೆಲಸ ಕಲಿತು, ಆದೋನಿಯಲ್ಲಿ ಶೆಡ್ ಹಾಕಿದರು. ಈಗ ಇವರು ಕಟ್ಟಿದ ಇಂಜಿನ್‌ಗಳು ಕೊಯಮತ್ತೂರಿನವರೆಗೂ ರೇಸಿಗೆ ಹೋಗುತ್ತವೆ. ಗೆದ್ದವನ ಫೋಟೋ ಪೇಪರಿನಲ್ಲಿ ಬರುತ್ತದೆ. ಇವರ ಅಂಗಿಯ ಗ್ರೀಸು ತೊಳೆಯುವ ಭಾಗ್ಯ ನನಗೆ ಬರುತ್ತದೆ.

ರೇಸಿನ ಇಂಜಿನ್ನೇ ಬೇರೆ, ರಸ್ತೆ ಗಾಡಿಯ ಇಂಜಿನ್ನೇ ಬೇರೆ ಎಂದು ಮದುವೆಯಾದ ಹೊಸದರಲ್ಲೇ ನನಗೆ ಪಾಠ ಹೇಳಿದ್ದರು. ಹೊಸ ಹೆಂಡತಿಯ ಹತ್ತಿರ ಯಾರಾದರೂ ಇಂಥ ಮಾತಾಡುತ್ತಾರಾ, ನೀವೇ ಹೇಳಿ! ರೇಸಿನದು ಸ್ವಲ್ಪ ಹೊತ್ತು ಜೀವ ಬಿಟ್ಟು ಓಡಿದರೆ ಸಾಕಂತೆ. ರಸ್ತೆಯದು ವರ್ಷಗಟ್ಟಲೆ ಜನರನ್ನು ಹೊತ್ತು ದಿನಾ ಮನೆಗೆ ಬರಬೇಕಂತೆ.

ಕೌತಾಳಂನ ಆಂಜಿ ತಮ್ಮ ಮನೆಯ ಜೀಪಿನಲ್ಲಿ ಜನರನ್ನು ಕೂರಿಸಿಕೊಂಡು ಆದೋನಿಗೆ ಟ್ರಿಪ್ ಹೊಡೆಯುತ್ತಿದ್ದವನು. ರೇಸಿನ ಹುಚ್ಚು. ಅವನು ಬೇರೆ ಇಟ್ಟುಕೊಂಡಿದ್ದ, ಊರಿಗೂ ಓಡಿಸಿಕೊಂಡು ಹೋಗುತ್ತಿದ್ದ ರೇಸಿನ ಜೀಪಿಗೆ ಇವರೇ ಇಂಜಿನ್ ಕಟ್ಟಿಕೊಟ್ಟರು. ನಿಂತಲ್ಲೇ ಗುಡುಗುಡು ಕುಣಿಯುತ್ತಿತ್ತು. "ಕಿವಿ ತೂತಾಗ್ತೈತಿ, ಆರಿಸ್ರಿ!" ಎಂದು ನಾನು ಒದರಿದರೆ, "ಎಂಥಾ ದನಿ ನೋಡು" ಎಂದು ಹಿಗ್ಗುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಮಕ್ಕಳಿಲ್ಲದ ನಮಗೆ ಆಂಜಿಯೂ ಮಗನ ಹಾಗೇ ಆಗಿದ್ದ, ಅದನ್ನೂ ಹೇಳಿಬಿಡಬೇಕು.

ಹೋದ ವರ್ಷ ಘಟ್ಟದ ಕಡೆ ನಡೆದ ರೇಸಿನಲ್ಲಿ, ಮಳೆಗೆ ಜಾರುತ್ತಿದ್ದ ತಿರುವಿನಲ್ಲಿ, ಜೀಪು ಕೆಳಗೆ ಉರುಳಿತು. ಆಂಜಿ ಉಳಿಯಲಿಲ್ಲ. ಚೂರಾದ ಜೀಪಿನಿಂದ ಇಂಜಿನ್ ಬಿಚ್ಚಿ ಶೆಡ್ಡಿಗೆ ತಂದರು. ಇವರು ಅದನ್ನು ಸುತ್ತಲೂ ಸವರಿ ನೋಡಿದರು. "ಇದಕ್ಕೊಂದು ಗೀರೂ ಬಿದ್ದಿಲ್ಲ ಮಹೇಶ್ವರೀ" ಎಂದು ನನ್ನ ಕಡೆ ತಿರುಗಿ ಅತ್ತರು. ನನಗೆ ಆ ಕಬ್ಬಿಣದ ಮೇಲೆ ಮೈಯೆಲ್ಲಾ ಉರಿಯುವಷ್ಟು ಸಿಟ್ಟು ಬಂತು.

ಕೆಲವು ತಿಂಗಳಾದ ಮೇಲೆ ಆಂಜಿಯ ತಾಯಿ ಜಯಕ್ಕ, ಹೆಂಡತಿ ಶಿವಲೀಲಾ ಇಬ್ಬರೂ ಬಸ್ಸಿನಲ್ಲಿ ಬಂದರು. ಮನೆಯ ಟ್ರಿಪ್ ಜೀಪಿನ ಇಂಜಿನ್ ಕೈಕೊಟ್ಟಿತ್ತು. ಡ್ರೈವಿಂಗ್ ಕಲಿತಿದ್ದ ಶಿವಲೀಲಾ ಇನ್ನು ಮುಂದೆ ತಾನೇ ಟ್ರಿಪ್ ಹೊಡೆಯುತ್ತೇನೆ ಎಂದಳು. ಆಂಜಿಯ ಇಂಜಿನ್ನನ್ನೇ ಅದಕ್ಕೆ ಹಾಕಿಕೊಡಿ ಎಂದು ಇಬ್ಬರೂ ಕೇಳಿದರು.

"ಹಾಕ್ತೀನಕ್ಕಾ. ಆದ್ರ ರಸ್ತಿಗೆ ಇಳೀಬೇಕಂದ್ರ ಒಳಗ ಭಾಳ ಬದಲಾಸಬೇಕು. ಆಮ್ಯಾಲೆ ಆ ದನಿ ಇರಂಗಿಲ್ಲ" ಎಂದರು ಇವರು.

ಜಯಕ್ಕ ಸೆಟೆದು ಕುಳಿತಳು. "ಹಂಗಾರ ಕೈ ಹಚ್ಚಬ್ಯಾಡ ತಮ್ಮಾ. ಹೊಲದಾಗ ನಿಂತ್ರ ಕೇಳ್ತಿತ್ತು, ನನ ಮಗ ಬಂದ ಅಂತ ಓಡಿಹೋಗಿ ರೊಟ್ಟಿಗೆ ಹೆಂಚು ಇಡ್ತಿದ್ದೆ. ನನಗ ಉಳಿದಿರದು ಅದೊಂದೇ ಐತಿ."

"ಅಯ್ಯೋ ದೇವುಡಾ! ಆ ದನಿ ಅನ್ನ ಹಾಕ್ತೈತೇನತ್ತೀ? ಜನ ಕುಂದ್ರಸ್ಕಂಡು ಅರ್ಧ ದಾರ್ಯಾಗ ನಿಂತ್ರ ನಾನೇನ್ ಮಾಡ್ಲಿ?" ಎಂದು ಶಿವಲೀಲಾ ಕಣ್ಣೊರೆಸಿಕೊಂಡಳು.

ಇಬ್ಬರದೂ ಸರಿಯೇ. ಇವರು ಇವತ್ತು ನಾಳೆ ಎಂದು ದಿನ ತಳ್ಳಿದರು. ಅಲ್ಲಿ ಆ ಹುಡುಗಿ ಜೀಪಿಲ್ಲದೆ ಕೂಲಿಗೆ ಹೋಗುತ್ತಿದ್ದಳು. "ಆ ಮುದುಕಿ ಸಲುವಾಗಿ ನಿಲ್ಲಿಸೀರೋ, ನಿಮ್ಮ ಸಲುವಾಗೋ?" ಎಂದು ನಾನು ಕೇಳಿಯೇಬಿಟ್ಟೆ. ಇವರು ಉಣ್ಣದೆ ಎದ್ದು ಹೋದರು. ಮಾರನೆಯ ದಿನ ಜಯಕ್ಕನಿಗೆ ಹೇಳಿಕಳಿಸಿದರು. ಬಿಚ್ಚುವ ಮುಂಚೆ ಒಮ್ಮೆ ಆ ದನಿ ಕೇಳಲಿ ಎಂದು.

ಇಂಜಿನ್ನನ್ನು ಸ್ಟ್ಯಾಂಡಿಗೆ ಬಿಗಿದು ಚಾಲೂ ಮಾಡಿದರು. ಶೆಡ್ಡಿನ ತಗಡೆಲ್ಲಾ ನಡುಗಿತು. ಜಯಕ್ಕ ಥಟ್ಟನೆ ಎದ್ದಳು. ಸೆರಗು ಸರಿಮಾಡಿಕೊಂಡು, ಇಂಜಿನ್ ಕಡೆ ನೋಡದೆ, ಹೊರಗೆ ನಡೆದಳು. ಬೀದಿಯಲ್ಲಿ ನಿಂತು ಕೌತಾಳಂ ರಸ್ತೆಯ ಕಡೆ ಕತ್ತು ಚಾಚಿ ನೋಡಿದಳು. "ಬಂದ" ಎಂದಳು, ನನ್ನ ಕೈ ಹಿಡಿದು. ಒಳಗೆ ಇಂಜಿನ್ ಕೂಗುತ್ತಲೇ ಇತ್ತು. ರಸ್ತೆಯಲ್ಲಿ ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ತಾನೇ ಸಡಿಲವಾಯಿತು.

"ನಿಲ್ಲಿಸು ತಮ್ಮಾ," ಎಂದಳು ಒಳಗೆ ಬಂದು. "ಇದು ಬರೇ ಕೂಗ್ತೈತಿ, ನನ ಮಗನ್ನ ತರಂಗಿಲ್ಲ. ಏನ್ ಬದಲಾಸಬೇಕೋ ಬದಲಾಸು. ಆಕಿನಾರಾ ದಿನಾ ಮನಿಗೆ ಬರಲಿ."

ಇವರು ಬಿಚ್ಚಿದರು. ಹೆಡ್ ಬದಲಾಯಿತು, ಕ್ಯಾಮ್ ಬದಲಾಯಿತು. ಎಷ್ಟೋ ಇಂಜಿನ್ ಬಿಚ್ಚಿದ ಕೈ, ನಟ್ಟು ತಿರುಗಿಸುವ ಪಾನಾ ಹಿಡಿದು ಹಾಗೇ ಕುಳಿತುಬಿಡುತ್ತಿತ್ತು. ಆ ದಿನಗಳಲ್ಲಿ ನಾನು ಒಂದು ಮಾತೂ ಬೈಯಲಿಲ್ಲ. ಟೀ ಇಟ್ಟು ಬರುತ್ತಿದ್ದೆ, ಆರಿದ ಟೀ ವಾಪಸು ತರುತ್ತಿದ್ದೆ.

ಜೀಪು ಸಿದ್ಧವಾದ ದಿನ ಶಿವಲೀಲಾ ಸ್ಟೀರಿಂಗ್ ಹಿಡಿದಳು. ಪಕ್ಕದಲ್ಲಿ ಜಯಕ್ಕ.

"ಹೆಂಗೈತಕ್ಕಾ?" ಎಂದು ಇವರು ಕೇಳಿದರು.

ಅವಳು ಕಿವಿಗೊಟ್ಟು ಕೇಳಿದಳು. "ಎಲ್ಲಾ ಗಾಡಿ ಹಂಗ ಐತಿ ತಮ್ಮಾ" ಎಂದಳು.

ಜೀಪು ಬಸ್ಸು ಆಟೋಗಳ ನಡುವೆ ಸೇರಿಕೊಂಡು ತಿರುವಿನಲ್ಲಿ ಮರೆಯಾಯಿತು. ಇವರು ಕಣ್ಣು ಮುಚ್ಚಿ ನಿಂತೇ ಇದ್ದರು.

"ಅದರ ದನಿ ಯಾವುದಂತ ಗೊತ್ತಾಗವಲ್ದು ಮಹೇಶ್ವರೀ. ನಿನಗ ಕೇಳ್ತೈತೇನು?"

ನನಗೇನೂ ಕೇಳುತ್ತಿರಲಿಲ್ಲ. "ಹೂಂ, ಕೇಳ್ತೈತಿ" ಎಂದೆ.