ಅಜ್ಜಿಯ ಮಡಿ, ಮಂದಾರಳ ಗ್ರೂಪು

ಆ ವರ್ಷ ತಾರ್ನಾಕ ಬಡಾವಣೆಯಲ್ಲಿ ಕಂಪ್ಯೂಟರಿನ ಹುಚ್ಚು ಹಿಡಿಯದ ಮನೆಯೇ ಇರಲಿಲ್ಲ. ಮಾಳಿಗೆ ಮೇಲೆ ಸಂಡಿಗೆ ಒಣಹಾಕುವ ಹೆಂಗಸರೂ ಜಾವಾ, ಅಮೆರಿಕಾ ಎನ್ನುತ್ತಿದ್ದರು. ಇಂಥ ಗಾಳಿಯಲ್ಲಿ ಸರ್ಕಾರಿ ಕಚೇರಿಯ ದತ್ತಾತ್ರೇಯರು ಸುಮ್ಮನಿರುತ್ತಾರೆಯೇ? ಮಗಳು ಮಂದಾರ ಹತ್ತನೇ ತರಗತಿ ಪಾಸಾಗಿ ಬೀದರಿನ ಸೋದರಮಾವನ ಮನೆಗೆ ಹೋಗಿದ್ದಾಗ, ಅವಳನ್ನು ಒಂದು ಮಾತೂ ಕೇಳದೆ ಕಾಲೇಜಿನಲ್ಲಿ ಗಣಿತದ ಗ್ರೂಪಿಗೆ ಸೇರಿಸಿ ಬಂದುಬಿಟ್ಟರು.

ಮಂದಾರಳಿಗೋ ಡಾಕ್ಟರಾಗುವ ಆಸೆ. ಅದಕ್ಕೆ ಜೀವಶಾಸ್ತ್ರದ ಗ್ರೂಪು, ಬೈಪಿಸಿ ಬೇಕು. ಗಣಿತದ ಕ್ಲಾಸಿನಲ್ಲಿ ಕೂತರೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಎದುರು ಕೋಣೆಯಲ್ಲಿ ಕಪ್ಪೆ ಕೊಯ್ಯುತ್ತಿದ್ದರೆ ಕಣ್ಣು ಅತ್ತಲೇ. ಗ್ರೂಪು ಬದಲಿಸಲು ನಾಳೆಯೇ ಕಡೆಯ ದಿನ, ಅಪ್ಪ ಬಂದು ಸಹಿ ಹಾಕಬೇಕು. ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ನಿಂತೇ ಬಂದಳು.

"ಮನ್ಯಾಗ ಅಜ್ಜಿ ಮಡಿ ಅದ. ಕಪ್ಪಿ, ಹೆಣ ಮುಟ್ಟಿ ಬಂದು ಒಳಗ ಹ್ಯಾಂಗ ಕಾಲಿಡ್ತೀ?" ಎಂದು ದತ್ತಾತ್ರೇಯರು ಮಗಳು ಸಹಿ ಕೇಳಿದ್ದಕ್ಕೆ ಕಡ್ಡಿ ಮುರಿದಂತೆ ಹೇಳಿದರು. ಅವರಿಗೆ ಒಂದು ನೆಪ ಬೇಕಿತ್ತು, ಅಷ್ಟೆ.

ಅಜ್ಜಿ ವಿಶಾಲಾಕ್ಷಿಬಾಯಿಯ ಮಡಿಯೋ, ಅಬ್ಬಬ್ಬಾ! ಮಡಿಸೀರೆ ಉಟ್ಟಳೆಂದರೆ ಹೆತ್ತ ಮಗನೂ ಮಾರು ದೂರ ನಿಲ್ಲಬೇಕು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿತ್ತು. ಡಾಕ್ಟರು ಮುಟ್ಟಿದರೆ ಮೈಲಿಗೆ ಎಂದು ಅದನ್ನು ಸೀರೆಯಂಚಿನಲ್ಲಿ ಮುಚ್ಚಿಟ್ಟುಕೊಂಡೇ ಓಡಾಡುತ್ತಿದ್ದಳು. ಈಗ ದೇವರ ದೀಪ ಹಚ್ಚಲು ಕುಂಟುತ್ತಾ ಹೊರಟಿದ್ದಳು.

"ಅಜ್ಜಿ, ಕಾಲು ತೋರ್ಸು."

"ದೂರ, ದೂರ! ಬಸ್ಸಿನ್ಯಾಗ ಬಂದೀದಿ ನೀ."

"ಹುಣ್ಣು ವಾಸನಿ ಬರ್ಲಿಕತ್ತದ. ಹಿಂಗ ಬಿಟ್ರ ಬೆರಳು ಕತ್ತರಿಸ್ತಾರ. ಕೈ ಮುಗೀತೀನಿ ಅಜ್ಜಿ," ಎಂದು ಮಂದಾರ ಅಲ್ಲೇ ನೆಲದ ಮೇಲೆ ಕೂತು ಅತ್ತೇಬಿಟ್ಟಳು.

ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ ಮಣೆ ಎಳೆದು ಕೂತು, ಪಾದವನ್ನು ತಾನೇ ಮೊಮ್ಮಗಳ ಮಡಿಲಲ್ಲಿ ಇಟ್ಟಳು.

"ಅವ್ವಾ, ಮಡಿ!" ದತ್ತಾತ್ರೇಯರು ಕೂಗಿದರು.

"ಮಡಿ ಹೋದ್ರ ಮತ್ತ ಉಟ್ಟೇನು. ಕಾಲು ಹೋದ್ರ ನೀ ತಂದು ಕೊಡ್ತೀಯೇನೋ ದತ್ತೂ?"

ಮಂದಾರ ಕಾಯಿಸಿ ಆರಿಸಿದ ನೀರಿನಲ್ಲಿ ಹುಣ್ಣು ತೊಳೆದಳು. ಒಗೆದ ಬಟ್ಟೆ ಸುತ್ತಿ ಕಟ್ಟು ಕಟ್ಟಿದಳು.

ಬೆಳಿಗ್ಗೆ ಅಜ್ಜಿಯನ್ನು ದವಾಖಾನೆಗೆಂದು ಆಟೋ ಹತ್ತಿಸಿದರು. "ಮೊದಲ ಕಾಲೇಜಿಗೆ ನಡೀರಿ," ಎಂದಳು ಅಜ್ಜಿ. ದತ್ತಾತ್ರೇಯರು ಒಳಗೆ ಹೋಗಿ ಸಹಿ ಹಾಕಿ ಬರುವವರೆಗೂ ಆಕೆ ಕಟ್ಟು ಕಟ್ಟಿದ ಕಾಲು ಚಾಚಿಕೊಂಡು ಗೇಟಿನ ಮುಂದೆ ಆಟೋದಲ್ಲೇ ಕೂತಿದ್ದಳು.