ಮೂರು ದಿನ ಮೊದಲೇ ಮಾರಾಟವಾದ ಯಂತ್ರ

ನೋಂದಣಿ ಕಚೇರಿಯ ಎದುರಿನ ಮಳಿಗೆಯಲ್ಲಿ ಇಪ್ಪತ್ತಮೂರು ವರ್ಷ ಕ್ರಯಪತ್ರಗಳನ್ನು ಬೆರಳಚ್ಚು ಮಾಡಿದ ಟೈಪಿಸ್ಟಮ್ಮ, ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ, ೨೦೧೯ನೆಯ ಇಸವಿ ಜೂನ್ ೧೭, ಸೋಮವಾರದಂದು, ಇಸ್ಲಾಮಿಕ್ ಹಾಗೂ ಸಾಂಪ್ರದಾಯಿಕ ಹಣಕಾಸಿನ ಸ್ನಾತಕೋತ್ತರ ತರಗತಿಗೆ ಸೇರಿದರು. ಮಂಗಳವಾರವೆಂದು ಹೇಳುವವರಿದ್ದಾರೆ, ಅವರು ಶುಲ್ಕದ ರಸೀದಿ ನೋಡಿದವರಲ್ಲ.

ಬಡ್ಡಿಯಿಲ್ಲದ ಬ್ಯಾಂಕೊಂದರ ‘ಮುರಾಬಹಾ’ ಪತ್ರಗಳು ಆಗಾಗ ಅವರ ಮೇಜಿಗೆ ಬರುತ್ತಿದ್ದವು. ಬ್ಯಾಂಕು ಗಿರಾಕಿಗೆ ಹಣ ಕೊಡುವುದಿಲ್ಲ. ಅವನಿಗೆ ಬೇಕಾದ ವಸ್ತುವನ್ನು ತಾನೇ ಕೊಂಡು, ಲಾಭವೆಷ್ಟೆಂದು ಬಾಯಿಬಿಟ್ಟು ಹೇಳಿ, ಕಂತಿನ ಮೇಲೆ ಮಾರುತ್ತದೆ. ಅಷ್ಟನ್ನು ಅಚ್ಚು ಮಾಡಿದವರಿಗೆ ಅದರ ಒಳಮರ್ಮ ತಿಳಿಯದೆ ಸಮಾಧಾನವಿರಲಿಲ್ಲ.

ಅತ್ತೆ ಮೂಗು ಮುರಿದರು. “ಸೊಸೆ ಕಾಲೇಜಿಗೆ, ಮೊಮ್ಮಗಳೂ ಕಾಲೇಜಿಗೆ. ನಾನೊಬ್ಬಳೇ ಯಾಕೆ ಬಾಕಿ? ನನಗೂ ಒಂದು ಬ್ಯಾಗ್ ತಗೊಂಡು ಬಾರೇ!”

ಬರವಣಿಗೆಯ ಪರೀಕ್ಷೆಗಳೆಲ್ಲ ನಿರಾಯಾಸವಾಗಿ ಮುಗಿದವು. ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಅವರ ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು. ೨೦೨೧ರ ಸೆಪ್ಟೆಂಬರ್ ೧೪ರಂದು ಒಮ್ಮೆ, ಡಿಸೆಂಬರ್ ೭ರಂದು ಮತ್ತೊಮ್ಮೆ ನಪಾಸಾದರು. ನಿಯಮದ ಪ್ರಕಾರ ಮೂರನೆಯದೇ ಕೊನೆಯದು. ಅದೂ ಕೈತಪ್ಪಿದರೆ ಪದವಿಯಿಲ್ಲ, ಓದಿದ್ದೆಲ್ಲ ನೀರಿನಲ್ಲಿ ಹೋಮ.

೨೦೨೨ರ ಮಾರ್ಚ್ ೯, ಬುಧವಾರ. ಉದ್ದನೆಯ ಮೇಜಿನ ಆಚೆ ಇಬ್ಬರು ಪರೀಕ್ಷಕರಿದ್ದರು: ಸಾಂಪ್ರದಾಯಿಕ ಹಣಕಾಸು ಕಲಿಸುವ ಬೋಳುತಲೆಯ ಮೇಷ್ಟ್ರು, ಇಸ್ಲಾಮಿಕ್ ಹಣಕಾಸು ಕಲಿಸುವ ಗಡ್ಡದ ಮೇಷ್ಟ್ರು. ಮೊದಲನೆಯವರು ಬಾಂಡುಗಳ ಬಗ್ಗೆ ಕೇಳಿದರು. ಟೈಪಿಸ್ಟಮ್ಮ ತಬ್ಬಿಬ್ಬಾದರು, ಅರ್ಧ ಹೇಳಿ, ಉಳಿದರ್ಧ ನುಂಗಿದರು.

ಗಡ್ಡದ ಮೇಷ್ಟ್ರಿಗೆ ಅಯ್ಯೋ ಎನಿಸಿತು. ನೇಯ್ಗೆಯ ಯಂತ್ರವೊಂದರ ಹಳೆಯ ಮುರಾಬಹಾ ಪತ್ರವನ್ನು ಮುಂದಿಟ್ಟರು. “ಇದು ಸುಲಭ ಕಣಮ್ಮಾ. ಮಾಮೂಲಿ ಸಾಲಕ್ಕೂ ಇದಕ್ಕೂ ಗಿರಾಕಿಗೆ ಎಷ್ಟು ವ್ಯತ್ಯಾಸ ಆಗುತ್ತೆ, ಲೆಕ್ಕ ಹಾಕಿ.”

ಟೈಪಿಸ್ಟಮ್ಮ ಲೇಖನಿ ಎತ್ತಲಿಲ್ಲ. ಮಳಿಗೆಯಲ್ಲಿ ಮಾಡುವಂತೆಯೇ ಮೊದಲು ತಾರೀಕು, ಆಮೇಲೆ ಸಹಿ, ಆಮೇಲೆ ಲಗತ್ತು ನೋಡಿದರು. ಪುಟ ಹಿಂದಕ್ಕೆ ತಿರುವಿದರು, ಮತ್ತೆ ಮುಂದಕ್ಕೆ.

“ಏನಮ್ಮಾ, ಬರಲ್ವಾ?” ಎಂದರು ಬೋಳುತಲೆಯವರು.

“ಬರುತ್ತೆ ಸರ್. ಆದ್ರೆ ಹಾಕೋ ಹಾಗಿಲ್ಲ. ಇಲ್ಲಿ ಮಾರಾಟವೇ ಆಗಿಲ್ಲ.”

“ಆಗಿಲ್ವಾ? ಏಳು ಬ್ಯಾಚಿನ ಮಕ್ಕಳು ಇದೇ ಪತ್ರದ ಲೆಕ್ಕ ಹಾಕಿ ಪಾಸಾಗಿದ್ದಾರಲ್ರೀ!” ಗಡ್ಡದವರು ನಕ್ಕರು.

“ಪಾಪ, ಅವರು ಮೊತ್ತ ನೋಡಿರ್ತಾರೆ ಸರ್. ಬ್ಯಾಂಕು ಗಿರಾಕಿಗೆ ಮಾರಿದ್ದು ೨೦೧೪ರ ನವೆಂಬರ್ ಹನ್ನೊಂದು. ಅಂಗಡಿಯಿಂದ ಬ್ಯಾಂಕು ಕೊಂಡದ್ದು ಹದಿನಾಲ್ಕು. ಸ್ವಾಧೀನದ ಚೀಟಿಯೂ ಅವತ್ತಿನದೇ. ತನ್ನದಲ್ಲದ ಯಂತ್ರಾನ ಮೂರು ದಿನ ಮೊದಲೇ ಮಾರೋದು ಹೇಗೆ?”

ಗಡ್ಡದವರ ನಗು ನಿಂತಿತು. ಕನ್ನಡಕ ಒರೆಸಿ ಓದಿದರು. ಕನ್ನಡಕ ತೆಗೆದೂ ಓದಿದರು. ತಾರೀಕುಗಳು ಕದಲಲಿಲ್ಲ.

“ಮೂರು ದಿನ ತಾನೇ,” ಬೋಳುತಲೆಯವರು ಬಿಡಲಿಲ್ಲ. “ಹಣ ಕೈಬದಲಾಯ್ತಲ್ಲ. ಹಾಗಾದ್ರೆ ಇದೇನು?”

“ಹಣ ಕೊಟ್ಟು ಹೆಚ್ಚಿಗೆ ಹಣ ವಾಪಸ್ ತಗೊಂಡ್ರೆ ಬಡ್ಡಿ ಸಾಲ. ಅದು ನಿಮ್ಮ ಪೇಪರು ಸರ್, ಇವರದಲ್ಲ.”

ಬೋಳುತಲೆಯವರು ಗಡ್ಡದವರತ್ತ ತಿರುಗಿ ಮೇಜು ಕುಟ್ಟಿ ನಕ್ಕರು. “ಏಳು ವರ್ಷ ನನ್ನ ಪಾಠ ನೀವು ಮಾಡಿದ್ದೀರಿ ಮಾರಾಯ್ರೆ, ಒಂದು ಮಾತೂ ಹೇಳಲಿಲ್ಲ!”

ಅಲ್ಲಿಂದ ಟೈಪಿಸ್ಟಮ್ಮನ ನಾಲಿಗೆಗೆ ತಡೆಯೇ ಇರಲಿಲ್ಲ. ಹಳೆಯ ಪತ್ರವನ್ನು ಹೇಗೆ ರದ್ದು ಮಾಡಬೇಕು, ಬ್ಯಾಂಕು ಯಂತ್ರ ಕೊಂಡ ಮೇಲೆ ಬೆಂಕಿ ಬಿದ್ದರೆ ನಷ್ಟ ಯಾರ ತಲೆಗೆ, ಆ ಹೊಣೆ ಹೊತ್ತದ್ದಕ್ಕೇ ಬ್ಯಾಂಕಿನ ಲಾಭ ಲಾಭವೆನಿಸಿಕೊಳ್ಳುವುದು ಹೇಗೆ, ಎಲ್ಲವನ್ನೂ ಹೇಳಿದರು. ಅದೇ ಓಘದಲ್ಲಿ ಬಾಂಡಿನ ಪ್ರಶ್ನೆಗೆ ತಾವಾಗಿ ಹಿಂತಿರುಗಿ, ನುಂಗಿದ್ದ ಅರ್ಧವನ್ನೂ ಹೊರಹಾಕಿದರು. ಹದಿನೈದು ನಿಮಿಷದ ಪರೀಕ್ಷೆ ಐವತ್ತೆರಡು ನಿಮಿಷ ನಡೆಯಿತು.

ಹೊರಗೆ ಮಗಳು ಗೋಡೆಗೊರಗಿ ಉಗುರು ಕಚ್ಚುತ್ತ ನಿಂತಿದ್ದಳು. “ಇಷ್ಟು ಹೊತ್ತು ಏನ್ ಕೇಳಿದ್ರಮ್ಮಾ?”

ಉತ್ತರ ಕೊಟ್ಟವರು ಹಿಂದೆಯೇ ಬಂದ ಗಡ್ಡದ ಮೇಷ್ಟ್ರು. “ಆಮೇಲಾಮೇಲೆ ನಾವೇನೂ ಕೇಳಲಿಲ್ಲಮ್ಮಾ, ಕೇಳಿಸಿಕೊಂಡ್ವಿ. ನಿಮ್ಮಮ್ಮ ಫಸ್ಟ್ ಕ್ಲಾಸ್.” ಆಮೇಲೆ ಟೈಪಿಸ್ಟಮ್ಮನತ್ತ ತಿರುಗಿ, ತಗ್ಗಿದ ದನಿಯಲ್ಲಿ, “ನಮ್ಮ ವಿಭಾಗದಲ್ಲಿ ಇಂಥವು ಇನ್ನೂ ನಲವತ್ತು ಪತ್ರ ಇವೆ. ನಾಳೆ ಬಿಡುವಿದೆಯಾ?” ಎಂದರು.

“ನಾಳೆ ಅಂದ್ರೆ ಹತ್ತು, ಗುರುವಾರ. ಹತ್ತೂವರೆಗೆ ಬರ್ತೀನಿ ಸರ್,” ಎಂದು ಟೈಪಿಸ್ಟಮ್ಮ ಮಗಳ ಹೆಗಲ ಮೇಲೆ ಕೈಹಾಕಿ, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದರು.