ಜಯತೀರ್ಥನ ಬಾಲದ ಕಲ್ಲು

ನನ್ನ ಮೈದುನ ಜಯತೀರ್ಥನಿಗೆ ಇಲ್ಲದ್ದು ಕಾಣುವ ರೋಗ ಹಳೆಯದು. ನಾನು ಮದುವೆಯಾಗಿ ಹೈದರಾಬಾದಿನ ಕಾಚಿಗುಡದ ಮನೆಗೆ ಬಂದ ವರ್ಷವೇ, ಬಚ್ಚಲಲ್ಲಿ ಹಾವು ಎಂದು ಓಣಿಯನ್ನೆಲ್ಲ ಕೂಡಿಸಿದ್ದ. ಗಂಡಸರು ಬಡಿಗೆ ಹಿಡಿದು ಒಳಗೆ ಹೋಗಿ ಹೊರಗೆ ತಂದದ್ದು ಸೀರೆಯೊಳಗೆ ಉಡುವ ನನ್ನ ಪರಕಾರದ ಲಾಡಿ. ಹೊಸ ಮದುಮಗಳು, ನಾನು ಮುಖ ಎಲ್ಲಿಡಲಿ. ಅವನು ಮಾತ್ರ ಲಾಡಿ ಥೇಟ್ ಹಾವಿನಂತೆಯೇ ಮಲಗಿತ್ತು ಎಂದು ವಾದ ಮಾಡಿದ.

ಆಮೇಲೆ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆದ, ರಿಟೈರ್ ಆದ, ಲಿಂಗಂಪಲ್ಲಿಯಲ್ಲಿ ಫ್ಲ್ಯಾಟ್ ಕೊಂಡ. ನನ್ನ ಯಜಮಾನರು ಹೋದ ಮೇಲೆ ನಾನೂ ಅವನ, ಅವನ ಹೆಂಡತಿ ಶಾಮಲಾಳ ಜೊತೆಗೇ ಇದ್ದೇನೆ. ಅವನನ್ನು ಬೈಯಲು ಬಸ್ಸು ಹತ್ತಬೇಕಾಗಿಲ್ಲ.

ಮೇಲಿನ ಮನೆಯಲ್ಲಿ ಸಿಂಚನಾ ಎಂಬ ಮೈಸೂರಿನ ಹುಡುಗಿ ಬಾಡಿಗೆಗಿದ್ದಾಳೆ. ಕಂಪ್ಯೂಟರ್ ಕೆಲಸ, ರಜೆಯಲ್ಲಿ ದುರ್ಬೀನು. ಮಂಗಳ-ಗುರುಗಳ ನಡುವೆ ಕಲ್ಲುಗಳ ದೊಡ್ಡ ಸಂತೆಯೇ ಸುತ್ತುತ್ತದೆ, ಕೆಲವು ಕಲ್ಲುಗಳ ಹೊಟ್ಟೆಯಲ್ಲಿ ಬರ್ಫ ಇರುತ್ತದೆ, ಬಿಸಿಲಿಗೆ ಅದು ಆವಿಯಾಗಿ ಧೂಮಕೇತುವಿನಂತೆ ಬಾಲ ಮೂಡುತ್ತದೆ, ಅಂಥವು ಬಹಳ ಅಪರೂಪ ಎಂದು ಅವಳು ಹೇಳಿದ್ದೇ ತಡ, ಇವನೂ ಒಂದು ದುರ್ಬೀನು ತರಿಸಿದ. ಪೆಟ್ಟಿಗೆಯಲ್ಲಿ ಗಾಜು ಒರೆಸುವ ಮೆತ್ತನೆಯ ಅರಿವೆಯೂ ಇತ್ತು. ಮೂಸಿ ನೋಡಿ, ಚರ್ಮದ್ದಿರಬೇಕು, ಮೈಲಿಗೆ ಎಂದು ಎಸೆದ. ದಿನಾ ಸಂಧ್ಯಾವಂದನೆ ಮುಗಿಸಿ, ಮೈಮೇಲಿನ ಗೋಪಿಚಂದನದ ಮುದ್ರೆ ಹಸಿಯಿರುವಾಗಲೇ ಮಾಳಿಗೆ ಹತ್ತುವುದು, ಹೊದ್ದ ಮಡಿ ಉತ್ತರೀಯದ ಚುಂಗಿನಿಂದ ಗಾಜು ಒರೆಸುವುದು, ಮೊಬೈಲಿನ ಆಕಾಶ ನಕ್ಷೆ ತೋರಿಸಿದ ಒಂದೇ ಕಲ್ಲಿಗೆ ಕಣ್ಣು ನೆಡುವುದು.

ಕಾರ್ತಿಕದ ಒಂದು ಸಂಜೆ ಓಡುತ್ತ ಇಳಿದು ಬಂದ.

"ವೈನಿ, ಬಾಲ ಕಂಡಿತು. ಇನ್ನ ಆ ಕಲ್ಲಿಗೆ ನನ್ನ ಹೆಸರು ಇಡ್ತಾರ."

"ಸರಿಯಾಗಿ ನೋಡಿಯೇನಪಾ? ಲಾಡಿ ಇದ್ದೀತು," ಎಂದೆ.

ಕೇಳುವವನೇ? ಊರಿಗೆಲ್ಲ ಫೋನ್ ಮಾಡಿದ. ನಮ್ಮ ಕಡೆಯ ಕನ್ನಡ ಸಂಘದ ಅಧ್ಯಕ್ಷ ಅಮರೇಶಪ್ಪ ಭಾನುವಾರ ಶಾಲು ಹೊದಿಸುತ್ತೇವೆ ಎಂದ. ಶಾಮಲಾ ಇಳಕಲ್ ಸೀರೆಗೆ ಇಸ್ತ್ರಿ ಹಾಕಿಸಿದಳು.

ಮೈಸೂರಿಗೆ ಹೋಗಿದ್ದ ಸಿಂಚನಾ ಶನಿವಾರ ಬಂದಳು. ಇವನು ಮೊಬೈಲಿನಲ್ಲಿ ಹಿಡಿದ ಫೋಟೋ ನೋಡಿದಳು. ಕತ್ತಲಾದ ಕೂಡಲೇ ಮಾಳಿಗೆಗೆ ಹೋಗಿ ದುರ್ಬೀನನ್ನು ಬೇರೆ ನಕ್ಷತ್ರದ ಕಡೆ ತಿರುಗಿಸಿದಳು. ಅದಕ್ಕೂ ಬಾಲ. ಇನ್ನೊಂದಕ್ಕೂ, ಅದೇ ಕಡೆ ವಾಲಿದ ಬಾಲ.

"ಅಂಕಲ್, ಗಾಜಿನ ಮೇಲೆ ಏನೋ ಬಳಿದ ಹಾಗಿದೆ," ಎಂದಳು.

ಶಾಮಲಾ ಬ್ಯಾಟರಿ ಹಿಡಿದಳು. ಗಾಜಿನುದ್ದಕ್ಕೂ ಗೋಪಿಚಂದನದ ಗೆರೆ. ಆಕಾಶದ ತುಂಬ ಚುಕ್ಕಿಗಳಿರುವಾಗ ಇನ್ನೊಂದನ್ನು ನೋಡೋಣವೆಂದು ಅವನಿಗೆ ಹೊಳೆದೇ ಇರಲಿಲ್ಲ. ಬೇಕಾದ್ದು ಕಂಡ ಮೇಲೆ ಬೇರೆ ಕಡೆ ಕತ್ತು ತಿರುಗಿಸುವ ಜಾತಿಯಲ್ಲ ಅದು.

ಜ್ವರ ಬಂದಿದೆ ಎಂದು ಸಂಘದವರಿಗೆ ಹೇಳಿಬಿಡಿ ಎಂದಳು ಶಾಮಲಾ. ನಾನೂ ಹೂಂ ಎಂದೆ. ಅವನು ಉಣ್ಣದೆ ಮಲಗಿದ.

ಮರುದಿನ ಸಭೆಯಲ್ಲಿ ಎದ್ದು ನಿಂತ.

"ಕಲ್ಲಿಗೆ ಬಾಲ ಇಲ್ಲರಿ. ನನ್ನ ಗೋಪಿಚಂದನ ಗಾಜಿಗೆ ಹತ್ತಿತ್ತು. ಶಾಲು ಬ್ಯಾಡ್ರಿ."

ಒಂದು ಗಳಿಗೆ, ಇರಲಿ, ನಮ್ಮ ಮನೆಯವರ ತಮ್ಮನೇ ಹೌದು ಅನ್ನಿಸಿತು. ಒಂದೇ ಗಳಿಗೆ. ಜನ ಚಪ್ಪಾಳೆ ತಟ್ಟಿದರು, ಇಂಥ ಸತ್ಯವಂತರು ಈಗೆಲ್ಲಿ ಎಂದು ಅಮರೇಶಪ್ಪ ಶಾಲು ಹೊದಿಸಿಯೇಬಿಟ್ಟ. ಇವನು ಎರಡನೇ ಸಲ ಬೇಡ ಎನ್ನಲಿಲ್ಲ.

ಈಗ ಮನೆಗೆ ಬಂದವರಿಗೆಲ್ಲ ಅದೇ ಕಥೆ. ಹೇಳಿದ ಹಾಗೆಲ್ಲ ಸಭೆ ದೊಡ್ಡದಾಗುತ್ತಿದೆ. ಗಾಜನ್ನು ಇವತ್ತಿಗೂ ಉತ್ತರೀಯದಿಂದಲೇ ಒರೆಸುತ್ತಾನೆ. ಮುದ್ರೆ ಒಣಗಿದ ಮೇಲೆ, ಅಷ್ಟೇ.